ಹೆಬ್ಬೆರಳಿನ ಉಗುರು

ಕಿಟಕಿಯ ಸರಳು ಹಿಡಿದ ಬೆರಳುಗಳು, ನಾಲ್ಕು ಹೊರಗೆ, ಹೆಬ್ಬೆರಳು ಮಾತ್ರ ಒಳಗೆ ಮಡಚಿಕೊಂಡಿದೆ, ಅಂದರೆ ತೆಗೆದಿಲ್ಲ, ಬ್ಲೇಡು ಕೊಟ್ಟರೂ ಉಗುರು ತೆಗೆದಿಲ್ಲ ನನ್ನ ತಂಗಿ ಸುರೇಖಾ, ತಿರುಗಿ ನನ್ನ ಕಿಸೆಗೇ ಹಾಕಿದಳು, ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿದೆ, ಡ್ರೈವರ್ ಚಹಾ ಕುಡಿಯುತ್ತಿದ್ದಾನೆ, ಕುಡಿ ಕುಡಿ, ನಿನಗೇನು, ಸಂಜೆಯೊಳಗೆ ಇವಳು ಹುಬ್ಬಳ್ಳಿಯ ಆ ದೊಡ್ಡ ಕಾಲೇಜಿನಲ್ಲಿ ಹಾಜರಾಗದಿದ್ದರೆ ಸೀಟು ಬೇರೆಯವರ ಪಾಲು. ಕೊಪ್ಪಳದಲ್ಲಿ ಡಿಪ್ಲೊಮಾ ಮುಗಿಸಿ, ಪರೀಕ್ಷೆ ಬರೆದು, ನೇರ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ, ಎಲ್ಲರಿಗೂ ಸಿಗುವ ಸೀಟಲ್ಲವಂತೆ, ನನಗೇನು ಗೊತ್ತು, ನಾನು ಎಂಟನೇ ತರಗತಿ ದಾಟದವನು, ಮೊದಲನೇ ವರ್ಷ ಎಲ್ಲಿ ಹೋತು ಅಂತ ಕೇಳಿದರೆ ನಕ್ಕಳು, ಡಿಪ್ಲೊಮಾ ಮಾಡಿದವ್ರಿಗೆ ಅದು ಬ್ಯಾಡ ಅಣ್ಣಾ, ನಡುವ ಹತ್ತೂದು, ಓಡೋ ಬಸ್ ಹತ್ತಿದಂಗ. ಓಡುವ ಬಸ್ಸು ಹತ್ತಿದವರನ್ನು ಒಳಗೆ ಕೂತವರು ಹೇಗೆ ನೋಡುತ್ತಾರೆಂದು ನನಗೆ ಗೊತ್ತು. ಮೊದಲು ಕಾಲು, ಆಮೇಲೆ ಕೈ. ಕೈ ನೋಡುತ್ತಾರೆ.

ಉಗುರು, ಅಂಚು ಹಳದಿ, ಒಳಗೆ ಹತ್ತಿ ಮೊಗ್ಗಿನ ಹಸಿರು ಇಂಗಿ ಕಪ್ಪು — ಹೈಬ್ರಿಡ್ ಬೀಜಕ್ಕೆ ಹೂವು ಕೂಡಿಸುವ ಕ್ರಾಸಿಂಗ್ ಹಂಗಾಮು ಮುಗಿಯುವ ತನಕ ಬೆಳೆಸಲೇಬೇಕು, ಸಂಜೆ ಅದನ್ನು ಮೊಗ್ಗಿನ ಸುತ್ತ ಊರಿ ಸಿಪ್ಪೆಯೊಂದಿಗೆ ಗಂಡು ಕೇಸರ ಸುಲಿಯಬೇಕು, ನಡುವಿನ ಹೆಣ್ಣು ಕಡ್ಡಿಗೆ ಗೀರು ಬೀಳಬಾರದು, ಗುರುತಿಗೆ ಮೇಲೊಂದು ಕೆಂಪು ಸ್ಟ್ರಾದ ತುಂಡು, ಮುಂಜಾನೆ ಬೇರೆ ಸಾಲಿನ ಹೂವು ತಂದು ಸವರಬೇಕು, ಕುಬೇರಪ್ಪನ ಹೊಲದಲ್ಲಿ ಅವ್ವ, ನಾನು, ರಜೆ ಬಿದ್ದರೆ ಇವಳೂ. ನಡು ಹಂಗಾಮಿನ್ಯಾಗ ಉಗುರು ತಗದ್ರ ಕಾಯಿ ಉದುರ್ತಾವು, ಅವ್ವ ಬಾಗಿಲಲ್ಲಿ ನಿಂತು ಹೇಳಿದಳು, ಸುಳ್ಳು, ಉದುರುವುದು ಕೂಲಿ, ಹಾಗೆನ್ನುವ ನನ್ನ ಹೆಬ್ಬೆರಳೂ ಬ್ಲೇಡು ಕಂಡಿಲ್ಲ. ಇಂಜಿನಿಯರ್ ಬಾಯಾರು ಹೊಂಟ್ರೇನವಾ, ನಿನ್ನ ಸಾಲು ಯಾರು ಮಾಡಬೇಕು, ನಿಮ್ಮ ಪ್ರಿನ್ಸಿಪಾಲ್ರು ಬರ್ತಾರೇನು? ಕುಬೇರಪ್ಪ ನಗುತ್ತಲೇ ಅಂದ, ಇವಳೂ ನಕ್ಕಳು, ನಾನು ಕಲ್ಲು ಹುಡುಕಿದೆ, ಸಿಕ್ಕಿತು, ಹೊಡೆಯಲಿಲ್ಲ, ಯಾಕೆ ಹೊಡೆಯಲಿಲ್ಲ, ಹಿಡಿದೇ ನಿಂತೆ. ತಗದ್ ಬಾ, ಇಲ್ಲಾಂದ್ರ ಬರಬ್ಯಾಡ — ಇದು ಆಗ ಎಂಟನೇ ತರಗತಿಯಲ್ಲಿ ನನ್ನ ಮಾಸ್ತರು, ನನ್ನ ಹೆಬ್ಬೆರಳಿನ ಮೇಲೆ ಕಟ್ಟಿಗೆಯ ಸ್ಕೇಲು, ಹದ್ದಿನಂಗ ಬಿಟ್ಟಾನ ನೋಡ್ರಲೇ, ಇಡೀ ತರಗತಿ ನಗು, ತೆಗೆದರೆ ಹೊಲದಲ್ಲಿ ಕೆಲಸವಿಲ್ಲ, ಬಿಟ್ಟರೆ ಶಾಲೆಯಲ್ಲಿ ಸ್ಕೇಲು, ಉಗುರು ಉಳಿಸಿಕೊಂಡೆ, ಶಾಲೆ ಬಿಟ್ಟೆ, ನನ್ನ ಪಾಟಿಚೀಲ ಇವಳ ಹೆಗಲಿಗೆ ಹೋಯಿತು.

ತಗಿ ಸುರೇಖಾ, ಅಲ್ಲಿ ನೋಡಿ ನಗ್ತಾರ. ನಗಲಿ ಬಿಡಣ್ಣಾ. ನಗೂದು ಅಂದ್ರ ಏನಂತ ನಿನಗ ಗೊತ್ತಿಲ್ಲ. ನಿನಗ ಗೊತ್ತೈತೇನು? ಗೊತ್ತೈತಿ ಅನ್ನಲಿಲ್ಲ, ಓದು ತಲೆಗೆ ಹತ್ತಲಿಲ್ಲ, ಅದಕ್ಕೇ ಬಿಟ್ಟೆ ಅಂತಲೇ ಇವಳು ನಂಬಿದ್ದಾಳೆ, ನಂಬಲಿ, ಆದರೆ ಯಾಕೆ ತೆಗೆಯಲಿಲ್ಲ, ಅವ್ವನ ಮಾತಿಗೋ, ದೀಪಾವಳಿಗೆ ಬಂದು ಮತ್ತೆ ಸಾಲಿಗೆ ಇಳಿಯುತ್ತಾಳೋ, ಇಳಿಯಲಿ ಅಂತ ನನಗೇ ಆಸೆಯೋ, ಥೂ, ಹೋಗಲಿ, ಹೋಗಬಾರದು, ಹೋಗಲೇಬೇಕು, ಯಾರ ಮೇಲಿನ ಸಿಟ್ಟು ಇದು, ಮಾಸ್ತರ ಮೇಲೋ, ಇವಳ ಮೇಲೋ, ಡ್ರೈವರ್ ಹತ್ತಿಬಿಟ್ಟ, ಬಾಗಿಲು ಬಡಿಯಿತು, ಬಸ್ಸು ಹಿಂದಕ್ಕೆ ಸರಿಯುತ್ತಿದೆ, ಅಣ್ಣಾ, ನನ್ನ ಸಾಲು ನೋಡ್ಕೋ, ಕೂಗಿದಳು, ನೋಡ್ಕೋತೀನಿ ಅಂದೆನೋ ಇಲ್ಲವೋ, ಸರಳಿನಿಂದ ಕೈ ಹೊರಗೆ ಬಂತು, ಐದೂ ಬೆರಳು ಬಿಚ್ಚಿ, ಬಿಸಿಲಿಗೆ, ಪಕ್ಕದ ಸೀಟಿನ ಹುಡುಗಿ, ತೊಡೆಯ ಮೇಲೆ ಹೊಸ ಬ್ಯಾಗು, ತಿರುಗಿ ಆ ಕೈಯನ್ನೇ ನೋಡಿದಳು, ಈಗ ಮಡಚುತ್ತಾಳೆ, ಈಗ, ಮಡಚೇ, ಕಿಸೆಯೊಳಗೆ ಬ್ಲೇಡು ನನ್ನ ಅಂಗೈಗೆ ಒತ್ತುತ್ತಿದೆ, ಹುಡುಗಿ ನೋಡುತ್ತಲೇ ಇದ್ದಾಳೆ, ಮಡಚಲಿಲ್ಲ, ಕಪ್ಪು ಉಗುರು, ಮಡಚಲಿಲ್ಲ, ಆ ಉಗುರು —