ತೀರಿಕೊಂಡ ಮೊಲದ ಕೊನೆಯ ಹನಿ

ಆ ಮೊಲವನ್ನು ಅತ್ತಿಗೆ ಒಂದು ದಿನವೂ ಕಣ್ಣಾರೆ ಕಂಡವಳಲ್ಲ. ಆದರೂ ಅದು ತೀರಿಕೊಂಡಿತೆಂದು ಅದನ್ನು ಸಾಕಿದ್ದ ಕಂಪನಿಯಿಂದ ಪತ್ರ ಬಂದ ದಿನ ಅವಳಿಗೆ ಊಟ ಸೇರಲಿಲ್ಲ. "ಯಾರು ಹೋದ್ರಮ್ಮ?" ಎಂದು ಅತ್ತೆ ಗಾಬರಿಯಿಂದ ಕೇಳಿದರು. ಹೋದದ್ದು ಮೊಲ ಎಂದು ಗೊತ್ತಾದ ಮೇಲೆ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಉಳಿದವಳು ನಾದಿನಿ ಒಬ್ಬಳೇ. ಅತ್ತಿಗೆ ಕೆಲಸ ಮಾಡುವ ಪ್ರಯೋಗಾಲಯದಲ್ಲೇ ಅವಳೂ ಸಂಶೋಧನೆ ಮಾಡುತ್ತಿದ್ದಳು. ಅವಳ ನಾಲ್ಕು ವರ್ಷದ ದುಡಿಮೆ ಆ ಮೊಲವನ್ನೇ ನಂಬಿಕೊಂಡಿತ್ತು.

ವಿಷಯ ಇಷ್ಟೇ. ಮೆದುಳಿನ ನರಕೋಶಗಳು ಒಂದರ ಜೊತೆ ಒಂದು ಮಾತಾಡುವ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರುತ್ತವೆ. ಆ ಚೀಲಗಳ ಮೈಮೇಲಿನ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುವ ಪ್ರತಿಕಾಯ ಆ ಮೊಲದ ರಕ್ತದಿಂದ ಬಂದದ್ದು. ಬೇರೆ ಮೊಲದ್ದನ್ನೂ ತರಿಸಿ ನೋಡಿದ್ದರು. ಆ ಪುಣ್ಯಾತ್ಮನದು ಸಿಕ್ಕಸಿಕ್ಕಲ್ಲೆಲ್ಲ ಅಂಟಿಕೊಂಡು ಕೋಶಗಳಿದ್ದ ಇಡೀ ಗಾಜಿಗೆ ಬಣ್ಣ ಬಳಿದಂತೆ ಮಾಡಿತ್ತು. ಹಳೆಯದು ಮಾತ್ರ ಹೇಳಿದ ಕಡೆ ಹೋಗಿ ಕೂರುತ್ತಿತ್ತು. ಈಗ ಅದು ಉಳಿದಿದ್ದದ್ದು ಒಂದೇ ಪ್ರಯೋಗಕ್ಕೆ ಆಗುವಷ್ಟು. ನಾದಿನಿಯ ಪ್ರಬಂಧ ಮುಗಿಯಲು ಬೇಕಿದ್ದದ್ದೂ ಒಂದೇ ಪ್ರಯೋಗ.

ಕೊನೆಯ ಹನಿಯನ್ನು ಮುಟ್ಟುವ ಧೈರ್ಯ ಇಪ್ಪತ್ತೆರಡು ವರ್ಷದಿಂದ ಅದೇ ಮೇಜಿನ ಮುಂದೆ ಕೂತ ಅತ್ತಿಗೆಗೆ ಮಾತ್ರ ಇತ್ತು. ಮನೆಯಲ್ಲಿ ಅತ್ತಿಗೆಯ ಅಡುಗೆಗೆ ಮೂಗು ಮುರಿಯುವ ನಾದಿನಿ ಇಲ್ಲಿ ಬಾಲ ಮುದುರಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಸಂಜೆ ಗಾಜಿನ ಮೇಲೆ ಬೆಳೆಸಿದ ನರಕೋಶಗಳಿಗೆ ಹನಿ ಹಾಕಿ ಫ್ರಿಜ್ಜಿನಲ್ಲಿಟ್ಟರು. ಮರುದಿನ ಬೆಳಿಗ್ಗೆ ತೊಳೆದು ಎರಡನೆಯ ಪ್ರತಿಕಾಯ ಹಾಕುವುದು. ಮೊದಲನೆಯದು ಹೋಗಿ ಕೂತರೂ ಕಾಣುವುದಿಲ್ಲ. ಎರಡನೆಯದು ಅದನ್ನು ಹಿಡಿದುಕೊಂಡು ಹಸಿರಾಗಿ ಹೊಳೆಯಬೇಕು. ಮೊದಲನೆಯದು ಮೊಲದ್ದಾದರೆ ಎರಡನೆಯದು ಮೊಲದ್ದನ್ನು ಗುರುತಿಸುವಂಥದ್ದೇ ಆಗಬೇಕು. ಈ ಕಸುಬಿನವರಿಗೆ ಇದು ಅ ಆ ಇ ಈ.

"ನೋಡು, ಈ ಕೆಲಸದಲ್ಲಿ ಗಮನ ಬೇಕು," ಎಂದು ಅತ್ತಿಗೆ ಬೆಳಿಗ್ಗೆ ಎರಡನೆಯದನ್ನು ಹಾಕುತ್ತಾ ಪಾಠ ಶುರು ಮಾಡಿದಳು. "ನಿನ್ನ ಥರ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪಿಪೆಟ್ಟು ಹಿಡ್ಕೊಂಡ್ರೆ ಆಗಲ್ಲ."

"ಫೋನು ಚೀಲದಲ್ಲಿದೆ ಅತ್ತಿಗೆ."

"ಎದುರು ಮಾತಾಡ್ಬೇಡ."

ಒಂದು ಗಂಟೆ ಕಳೆದು, ತೊಳೆದು, ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಏನೂ ಇಲ್ಲ. ಕಪ್ಪೋ ಕಪ್ಪು. ಅತ್ತಿಗೆ ಅದನ್ನು ತಿರುಗಿಸಿದಳು, ಇದನ್ನು ತಿರುಗಿಸಿದಳು. ಒಂದೇ ಒಂದು ಚುಕ್ಕೆ ಕಾಣಲಿಲ್ಲ.

"ನಂದೇ ತಪ್ಪು," ಎಂದಳು ನಾದಿನಿ. "ಮೊನ್ನೆ ಕೋಶಗಳಿಗೆ ಆಹಾರದ ದ್ರವ ಬದಲಾಯಿಸೋದು ತಡ ಮಾಡಿದ್ದೆ. ಆಗಲೇ ಸತ್ತಿರ್ಬೇಕು. ಗೈಡ್ ಮೇಡಂಗೆ ಹೇಳಿ ಬರ್ತೀನಿ." ಅಷ್ಟು ಹೇಳಿ ಹೊರಟೇಬಿಟ್ಟಳು.

ಅತ್ತಿಗೆ ಸಾಮಾನು ಎತ್ತಿಡಲು ಮೇಜಿಗೆ ಬಂದಳು. ಎರಡನೆಯ ಪ್ರತಿಕಾಯದ ಚಿಕ್ಕ ಸೀಸೆ ಕೈಗೆತ್ತಿಕೊಂಡು ಚೀಟಿ ಓದಿದಳು. ಮತ್ತೊಮ್ಮೆ ಓದಿದಳು. ಅದು ಇಲಿಯ ಪ್ರತಿಕಾಯವನ್ನು ಗುರುತಿಸುವಂಥದ್ದು. ಗಮನದ ಪಾಠ ಹೇಳುತ್ತಾ ಹೇಳುತ್ತಾ ತಪ್ಪು ಸೀಸೆ ಎತ್ತಿದ್ದಳು ಮಹಾರಾಯ್ತಿ!

ಮರುಕ್ಷಣವೇ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಇಲಿಯದು ಹಿಡಿಯಲು ಏನೂ ಸಿಗದೆ ನೀರಿನ ಜೊತೆ ತೊಳೆದುಹೋಗಿದೆ, ಅಷ್ಟೇ. ಮೊಲದ ಕೊನೆಯ ಹನಿ ಕೋಶಗಳ ಮೇಲೆ ಹೋಗಿ ಕೂತಲ್ಲೇ ಕೂತಿದೆ. ಸರಿಯಾದ ಸೀಸೆಯದು ಹಾಕಿದರೆ ಮುಗಿಯಿತು.

ಆಮೇಲೆ ಇನ್ನೊಂದು ಯೋಚನೆಯೂ ಬಂತು, ಸುಳ್ಳೇಕೆ ಹೇಳಬೇಕು. ಯಾರೂ ನೋಡಿಲ್ಲ. ಸದ್ದಿಲ್ಲದೆ ಮತ್ತೆ ಹಾಕಿ, ಸೂಕ್ಷ್ಮದರ್ಶಕದ ದೀಪ ಕೆಟ್ಟಿತ್ತು ಎಂದುಬಿಟ್ಟರೆ ಇಪ್ಪತ್ತೆರಡು ವರ್ಷದ ಹೆಸರು ಉಳಿಯುತ್ತದೆ. ಇಲ್ಲದಿದ್ದರೆ ರಾತ್ರಿಯ ಊಟಕ್ಕೆ ಇದೇ ಕಥೆ, ಅತ್ತೆಯಿಂದ ಹಿಡಿದು ಗಂಡನವರೆಗೆ ಎಲ್ಲರ ಬಾಯಲ್ಲೂ. ಆದರೆ ಆ ಹುಡುಗಿ ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡು ಮೇಡಂ ಬಾಗಿಲಿಗೆ ಹೋಗಿದ್ದಾಳೆ. ಅತ್ತಿಗೆ ಕೈಗವಸನ್ನೂ ಕಳಚದೆ ಓಡಿದಳು.

"ನಿಲ್ಲೇ! ಮೇಡಂ, ಇವಳ ಮಾತು ಕೇಳ್ಬೇಡಿ. ತಪ್ಪು ನಂದು. ಮೊಲದ್ದು ಹಾಕೋ ಕಡೆ ಇಲಿದು ಹಾಕಿದೀನಿ."

ನಾದಿನಿ ಬಾಯಿ ಬಿಟ್ಟುಕೊಂಡು ನಿಂತಳು. "ನೀವಾ? ಅತ್ತಿಗೆ, ನೀವಾ?"

"ಹೂಂ, ನಾನೇ. ಏನೀಗ?"

ನಾದಿನಿಗೆ ಅಳು ಬರುವ ಬದಲು ನಗು ಬಂತು. ಗೋಡೆ ಹಿಡಿದುಕೊಂಡು ನಕ್ಕಳು. ಮೇಡಂ ಕೂಡ ನಗು ಮರೆಸಲು ಮುಖ ಪಕ್ಕಕ್ಕೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

"ಆಮೇಲೆ ನಗುವಂತೆ, ನಡಿ. ಈ ಸಲ ನೀನೇ ಹಾಕು," ಎಂದಳು ಅತ್ತಿಗೆ.

ನಾದಿನಿಯೇ ಹಾಕಿದಳು. ಅತ್ತಿಗೆ ಕೈಕಟ್ಟಿ, ತುಟಿ ಕಚ್ಚಿಕೊಂಡು ಕೂತಳು. ಅಷ್ಟು ಹೊತ್ತು ಪಾಠ ಹೇಳದೆ ಇರುವುದು ಅವಳಿಗೆ ಸುಲಭವಾಗಿರಲಿಲ್ಲ. ಗಂಟೆ ಕಳೆದು ಮತ್ತೆ ಕತ್ತಲೆ ಕೋಣೆಗೆ ಹೋದರು.

"ನೀವೇ ನೋಡಿ. ನಂಗೆ ಧೈರ್ಯ ಇಲ್ಲ."

ಅತ್ತಿಗೆ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

"ಮತ್ತೆ ಕಪ್ಪಾ? ಹೇಳಿ ಅತ್ತಿಗೆ."

"ಚುಕ್ಕೆ ಕಣೇ. ಹಸಿರು ಚುಕ್ಕೆ, ನರದ ಎಳೆ ಎಳೆಗೂ." ಅತ್ತಿಗೆ ಕುರ್ಚಿ ಬಿಟ್ಟು ಎದ್ದಳು. "ಬಾ, ನೀನೇ ಕೂತು ಎಣಿಸು. ನಂಗೆ ಎಲ್ಲಾ ಮಂಜು ಮಂಜಾಗಿ ಕಾಣ್ತಿದೆ."

"ಫೋಕಸ್ ಸರಿಯಾಗೇ ಇದೆಯಲ್ಲ?"

"ಅದು ಸರಿಯಾಗಿದೆ," ಎಂದು ಅತ್ತಿಗೆ ತೋಳಿನಿಂದ ಕಣ್ಣೊರೆಸಿಕೊಂಡಳು.