ನಾಲ್ಕನೇ ಮೂಲೆ

ಮಗಳು ಡಬ್ಬಿಗಳನ್ನು ತೊಳೆದು ತೊಳೆದು ಬೋರಲು ಹಾಕುತ್ತಿದ್ದಳು. ಬೆಳಿಗ್ಗೆ ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಊಟ ತಂದ ಹೆಂಗಸರೆಲ್ಲ ಅಮ್ಮ ಮಾರಿದ ಡಬ್ಬಿಗಳಲ್ಲೇ ತಂದಿದ್ದರು. ಯಾರದಾದರೂ ಮನೆಯಲ್ಲಿ ನೆರೆಹೊರೆಯ ಹೆಂಗಸರನ್ನು ಸೇರಿಸಿ, ಹರಟೆ ಹೊಡೆಯುತ್ತಲೇ ಪ್ಲಾಸ್ಟಿಕ್ ಡಬ್ಬಿ ಮಾರುವುದು ಅಮ್ಮನ ಕಸುಬು. ಅದಕ್ಕೆ ಪಾರ್ಟಿ ಅನ್ನುತ್ತಿದ್ದಳು.

"ಪಾರ್ಟಿಗೆ ಕರೆದ್ರೆ ತಪ್ಪಿಸ್ಕೊಳ್ತಿದ್ದವರೂ ಇವತ್ತು ಬಂದಿದಾರೆ," ಎಂದಳು ಡಬ್ಬಿ ಒರೆಸುತ್ತಿದ್ದ ಬ್ಯಾಗಕ್ಕ. ಅಮ್ಮನ ಮಾಲಿನ ಬ್ಯಾಗು ಹೊತ್ತೂ ಹೊತ್ತೂ ಆ ಹೆಸರು ಸಂಪಾದಿಸಿದವಳು.

"ನಮ್ಮನೇಲಿ ಒಂದೇ ಸಲ ಮಾಡಿದ್ಲು," ಎಂದಳು ಮಗಳು. "ಅದೂ ನನ್ನ ಮರ್ಯಾದೆ ತೆಗೆಯೋಕೆ."

* * *

ಅಂದು ಮಗಳ ಅತ್ತೆ ತಮ್ಮ ಗೆಳತಿಯರನ್ನೆಲ್ಲ ಮನೆಗೆ ಕರೆದಿದ್ದರು. ಡಬ್ಬಿಗೆ ನೀರು ತುಂಬಿ, ಮುಚ್ಚಳದ ನಾಲ್ಕೂ ಮೂಲೆ ಒತ್ತಿ, ಎದುರಿಗಿದ್ದವರ ಮಡಿಲ ಮೇಲೆ ತಲೆಕೆಳಗು ಹಿಡಿಯುವುದು ಅಮ್ಮನ ವರಸೆ. ನೋಡುವವರ ಜೀವ ಬಾಯಿಗೆ ಬರುತ್ತಿತ್ತೇ ಹೊರತು ನೀರು ಬೀಳುತ್ತಿರಲಿಲ್ಲ.

"ಮೂರು ವರ್ಷ ಆಯ್ತು, ಇನ್ನೂ ಸುದ್ದಿ ಇಲ್ಲ," ಎಂದು ಅತ್ತೆ ಗೆಳತಿಯರಿಗೆ ಹೇಳುತ್ತಿದ್ದರು. "ಡಾಕ್ಟರಿಗೆ ತೋರಿಸ್ಕೋ ಅಂದ್ರೆ ಮುಖ ಊದಿಸ್ಕೋತಾಳೆ." ಎಲ್ಲರ ಕಣ್ಣೂ ಸೊಸೆಯ ಹೊಟ್ಟೆಯ ಮೇಲೆ.

"ಇಲ್ನೋಡಿ ಬೀಗರೇ, ಒಂದು ಹನೀನೂ ಸೋರಲ್ಲ," ಎಂದು ಅಮ್ಮ ಡಬ್ಬಿ ಮಗುಚಿದಳು. ಅಷ್ಟೂ ನೀರು ಅತ್ತೆಯ ಮಡಿಲಿಗೆ ಸುರಿಯಿತು.

ಒಂದು ಡಬ್ಬಿಯೂ ಖರ್ಚಾಗಲಿಲ್ಲ. ಮಗಳು ಬಾಗಿಲವರೆಗೆ ಬಂದು, "ಇನ್ಮೇಲೆ ಈ ಬ್ಯಾಗು ಹಿಡ್ಕೊಂಡು ನಮ್ಮನೆಗೆ ಬರ್ಬೇಡ," ಎಂದಿದ್ದಳು. ಅಮ್ಮ ಆಯ್ತು ಎಂದಳು. ಆಮೇಲೆ ಬಂದಾಗಲೆಲ್ಲ ಬರಿಗೈಯಲ್ಲಿ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಬೇಗನೆ ಎದ್ದು ಹೋಗುತ್ತಿದ್ದಳು.

* * *

"ಮೂಲೆ ಒತ್ತೋದು ಮರೆಯೋಳಾ ಅವಳು?" ಬ್ಯಾಗಕ್ಕ ಒರೆಸುವುದನ್ನು ನಿಲ್ಲಿಸಿದಳು. "ನಾನು ಪಕ್ಕದಲ್ಲೇ ಇದ್ದೆ. ನಾಲ್ಕೂ ಒತ್ತಿ ಆಗಿತ್ತು. ನಿಮ್ಮತ್ತೆ ಡಾಕ್ಟರ್ ಮಾತು ತೆಗೆದ್ರಲ್ಲ, ಆಗ ಉಗುರಲ್ಲಿ ಒಂದನ್ನ ಎಬ್ಬಿಸಿದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅತ್ತೆ ಮುಖ ನೋಡಿದಾಗೆಲ್ಲ ನಗ್ತೀಯ, ಆ ಮನೇಲಿ ಬಾಳೋಳು ನೀನು, ಅಂದ್ಲು."

ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಮ್ಮನ ಮೇಲೆ ಸಿಟ್ಟೂ ಬಂತು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

ನಡುಮನೆಯಲ್ಲಿ ದೊಡ್ಡಮ್ಮನ ದನಿ ಏರಿತು. "ಅಲ್ಲ, ಅತ್ತೆ ಪ್ರಾಣ ಹೋಗೋ ಹೊತ್ತಲ್ಲಿ ಸೊಸೆ ಮಲಗಿದ್ಲಂತೆ. ಅದ್ಹೇಗೆ ಬಂತಮ್ಮ ನಿದ್ದೆ?"

ತಿಂಗಳುಗಟ್ಟಲೆ ನಿದ್ದೆಗೆಟ್ಟು ಅಮ್ಮನನ್ನು ನೋಡಿಕೊಂಡಿದ್ದ ತಮ್ಮನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು.

ಮಗಳು ಕೈಯಲ್ಲಿದ್ದ ಡಬ್ಬಿಗೆ ನೀರು ತುಂಬಿದಳು. ಮುಚ್ಚಳ ಹಾಕಿ ಮೂರು ಮೂಲೆ ಒತ್ತಿದಳು. ನಡುಮನೆಗೆ ಹೋಗಿ ದೊಡ್ಡಮ್ಮನ ಮುಂದೆ ನಿಂತಳು.

"ಇಲ್ನೋಡಿ ದೊಡ್ಡಮ್ಮ," ಎಂದಳು, "ಒಂದು ಹನೀನೂ ಸೋರಲ್ಲ."