ಏಳನೇ ತರಗತಿ ಮುಚ್ಚಿಟ್ಟ ತಪ್ಪು

ಲೆಕ್ಕವೆಂದರೆ ಕಬ್ಬಿಣದ ಕಡಲೆ ಎನ್ನುವ ಮಾತು ಆ ಶಾಲೆಯಲ್ಲಿ ಏಳನೇ ತರಗತಿಯ ಬಾಗಿಲಿನವರೆಗೆ ಮಾತ್ರ ನಡೆಯುತ್ತಿತ್ತು. ಬಾಗಿಲು ದಾಟಿದರೆ ಅಲ್ಲಿ ಲೆಕ್ಕದ ಟೀಚರ್ ಇರುತ್ತಿದ್ದರು. ವಯಸ್ಸು ಐವತ್ತೈದರ ಆಸುಪಾಸು, ಕುಳ್ಳಗಿನ ಆಳು, ಬಲಗೈ ಬೆರಳುಗಳಿಗೆ ಸದಾ ಸೀಮೆಸುಣ್ಣದ ಪುಡಿ. ಮಕ್ಕಳಿಲ್ಲವಲ್ಲ ಎಂದು ಯಾರಾದರೂ ಅಯ್ಯೋ ಪಾಪ ಎನ್ನಲು ಬಂದರೆ, ವರ್ಷಕ್ಕೆ ನಲವತ್ತು ಹೆರ್ತೀನಿ, ಇನ್ನೆಷ್ಟು ಬೇಕು ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಕೂಡುವುದು, ಗುಣಿಸುವುದು, ಆವರಣ, ಘಾತ ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಕೂತಾಗ ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂಬುದು ಆ ವಯಸ್ಸಿನ ಮಕ್ಕಳ ದೊಡ್ಡ ತಲೆನೋವು. ಟೀಚರ್ ಅದನ್ನು ತುಂಬಿದ ಮನೆಯ ಊಟದ ಸಾಲು ಮಾಡಿಬಿಟ್ಟಿದ್ದರು. ಆವರಣದೊಳಗಿರುವವು ತೊಟ್ಟಿಲ ಕೂಸುಗಳು, ಮೊದಲು ಅವಕ್ಕೆ. ಆಮೇಲೆ ಹೆಗಲೇರಿ ಕೂತ ಘಾತಾಂಕ. ಅದು ಹಟಮಾರಿ, ಕಾಯಿಸಿದರೆ ರಂಪ ಮಾಡುತ್ತದೆ. ಗುಣಾಕಾರ ಭಾಗಾಕಾರ ಎರಡೂ ವಾರಗಿತ್ತಿಯರು. ಎಡಗಡೆಯಿಂದ ಯಾರು ಮೊದಲು ಕೂತಿದ್ದಾರೋ ಅವರಿಗೆ ಮೊದಲು ಬಡಿಸಬೇಕು, ಇಲ್ಲದಿದ್ದರೆ ಜಗಳ. ಕೂಡುವುದು ಕಳೆಯುವುದು ಮನೆಯ ಯಜಮಾನ, ಯಜಮಾನಿ. ಎಲ್ಲರದೂ ಆದ ಮೇಲೆ ಅವರ ಊಟ.

ಎರಡರ ಘಾತ ಮೂರು ಎಂದರೆ ಎರಡು ಮೂರ್ಲಿ ಆರು ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಿದ್ದರು. ಮೇಲಿರುವ ಪುಟ್ಟ ಅಂಕಿ ಮೇಸ್ತ್ರಿ ಇದ್ದ ಹಾಗೆ, ಮೇಸ್ತ್ರಿ ತಾನು ಕೆಲಸ ಮಾಡುವುದಿಲ್ಲ, ಮಾಡಿಸುತ್ತಾನೆ ಎಂದು ಅವರಿಗೆ ಹೇಳುತ್ತಿದ್ದರು. ಕೆಳಗಿನ ಎರಡನ್ನೇ ಮೂರು ಸಲ ಇಟ್ಟು ಗುಣಿಸಬೇಕು, ಎಂಟಾಗುತ್ತದೆ. ಘಾತ ಅಂದರೆ ಕೆಟ್ಟದ್ದಲ್ಲವೇ ಎಂದು ಒಬ್ಬಳು ಕೇಳಿದಾಗ, ಸೊನ್ನೆ ತೆಗೆದುಕೊಂಡು ಹೋದ ದಿನ ಮನೆಯಲ್ಲಿ ಆಗುವುದು ಆಘಾತ, ಇದು ಬರೀ ಘಾತ ಎಂದಿದ್ದರು. ತರಗತಿ ಬಿದ್ದು ಬಿದ್ದು ನಕ್ಕಿತ್ತು.

ಅವರದು ಇನ್ನೊಂದು ಪದ್ಧತಿಯಿತ್ತು. ಆಗಾಗ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಮಾಡುವರು. ಹಿಡಿದವರ ಕೈಗೆ ಸೀಮೆಸುಣ್ಣ. ಗಂಟೆ ಹೊಡೆಯುವವರೆಗೆ ಅವರೇ ಟೀಚರ್. ತಪ್ಪು ಮಾಡಿದರೆ ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು ಎನ್ನುವುದು ಅವರ ಮಾತು. ಅದನ್ನು ಹಿರಿಯ ತರಗತಿಗೆ ಹೋದ ಮಕ್ಕಳೂ ಹೇಳಿಕೊಂಡು ತಿರುಗುತ್ತಿದ್ದರು.

ಆ ವರ್ಷದ ಏಳನೇ ತರಗತಿ ಮಾತ್ರ ಬಹಳ ಸದ್ದಿಲ್ಲದ ತರಗತಿ. ಯಾರೂ ಕೈ ಎತ್ತುತ್ತಿರಲಿಲ್ಲ. ಬರೆದದ್ದನ್ನು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆದರೆ ಬೇರೆ ಶಾಲೆಯವರು ತಿದ್ದಿದ ಪರೀಕ್ಷೆಯಲ್ಲೂ ಎಲ್ಲರಿಗೂ ಒಳ್ಳೆಯ ಅಂಕ. ಇಷ್ಟು ವರ್ಷದಲ್ಲಿ ಇಂಥ ಮಕ್ಕಳನ್ನು ನೋಡಿಲ್ಲ ಎಂದು ಟೀಚರ್ ಮನೆಯಲ್ಲಿ ಗಂಡನ ಮುಂದೆ ಹೆಮ್ಮೆಯಿಂದ ಹೇಳಿದ್ದರು. ಗಂಡ ಸಿಟಿ ಬಸ್ಸಿನ ಡ್ರೈವರ್. ಅವನು ಹೂಂ ಎಂದು ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದ.

ವರ್ಷದ ನಡುವೆ ಬೇರೆ ಶಾಲೆಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ಹೆಸರಿಗಿಂತ ಮೊದಲು ಅವಳಿಗೆ ‘ಹೊಸಬಳು’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅವಳು ಬಂದ ಎರಡನೆಯ ದಿನವೋ ಮೂರನೆಯ ದಿನವೋ ಟೀಚರ್ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಐದು ಕೂಡಿಸು ಮೂರು ಗುಣಿಸು ಎರಡರ ಘಾತ ಎರಡು. ಅದರ ಕೆಳಗೆ ಬಿಡಿಸುತ್ತಾ ಬಂದರು. ಐದು, ಮೂರು, ಎಂಟು. ಎಂಟೆರಡ್ಲಿ ಹದಿನಾರು. ಹದಿನಾರರ ವರ್ಗ ಇನ್ನೂರ ಐವತ್ತಾರು. ಉತ್ತರದ ಕೆಳಗೆ ಎರಡು ಗೆರೆ ಎಳೆದು ತಿರುಗಿದಾಗ ಹೊಸಬಳು ಎದ್ದು ನಿಂತಿದ್ದಳು.

“ಟೀಚರ್, ಉತ್ತರ ಹದಿನೇಳು ಬರಬೇಕಲ್ವಾ?”

ಇಡೀ ತರಗತಿ ಒಮ್ಮೆಲೇ ಶ್ ಎಂದಿತು. ಹಿಂದಿನವಳು ಅವಳ ಮೊಣಕೈ ಹಿಡಿದು ಜಗ್ಗಿ, ಸುಮ್ಮನೆ ಕೂತ್ಕೋ ಎಂದು ಪಿಸುಗುಟ್ಟಿದಳು. ಹೊಸಬಳು ಏನೂ ಅರ್ಥವಾಗದೆ ಅವರಿವರ ಮುಖ ನೋಡಿದಳು.

ಟೀಚರಿಗೆ ಮೊದಲು ಕೇಳಿಸಿದ್ದು ಹದಿನೇಳಲ್ಲ, ಆ ಶ್ ಎಂಬ ಸದ್ದು. ಅವರು ಬೋರ್ಡಿನ ಕಡೆ ತಿರುಗಿ ತಾವು ಬರೆದದ್ದನ್ನು ಮತ್ತೆ ಓದಿದರು. ಐದು ಮೂರು ಎಂಟು, ಸರಿ. ಎಂಟೆರಡ್ಲಿ ಹದಿನಾರು, ಅದೂ ಸರಿ. ಹದಿನಾರು ಹದಿನಾರ್ಲಿ ಇನ್ನೂರ ಐವತ್ತಾರು. ಇದು ತಪ್ಪಲು ಸಾಧ್ಯವೇ ಇಲ್ಲ. ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದರು. ಎಲ್ಲಿಯೂ ತಪ್ಪು ಕಾಣಲಿಲ್ಲ. ಆದರೆ ಬೆನ್ನ ಹಿಂದೆ ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು, ಅದು ಬೆನ್ನಿಗೇ ತಿಳಿಯುತ್ತಿತ್ತು. ಟೀಚರ್ ಸೀಮೆಸುಣ್ಣವನ್ನು ಹೊಸಬಳ ಕೈಗೆ ಕೊಟ್ಟು, ಮಾಡು ಮಗಳೇ ಎಂದರು.

ಅವಳು ಪಕ್ಕದಲ್ಲಿ ಬರೆದಳು. ಮೊದಲು ಎರಡರ ವರ್ಗ ನಾಲ್ಕು. ಆಮೇಲೆ ಮೂರು ನಾಲ್ಕ್ಲಿ ಹನ್ನೆರಡು. ಕೊನೆಗೆ ಐದು ಸೇರಿಸಿ ಹದಿನೇಳು. ಆಗ ಟೀಚರಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಮೂವತ್ತು ವರ್ಷ ತಾವೇ ಬಡಿಸಿದ ಸಾಲಿನಲ್ಲಿ ಯಾರ ಎಲೆಗೆ ಮೊದಲು ಎಂಬುದೇ ಅವರಿಗೆ ತಪ್ಪಿಹೋಗಿತ್ತು.

ಇದು ನಿಮಗೆಲ್ಲ ಗೊತ್ತಿತ್ತಾ ಎಂದು ಕೇಳಿದರು. ಯಾರೂ ತಲೆ ಎತ್ತಲಿಲ್ಲ. ಕೊನೆಯ ಬೆಂಚಿನ ಎತ್ತರದ ಹುಡುಗಿ, ಎಲ್ಲರೂ ಜಿರಾಫೆ ಎಂದು ಕರೆಯುವವಳು, ಎದ್ದು ನಿಂತಳು.

“ದಿನಾ ಊಟದ ಹೊತ್ತಲ್ಲಿ ನಾನು ಎಲ್ಲರಿಗೂ ಬೋರ್ಡ್ ಮೇಲೆ ಇನ್ನೊಂದ್ಸಲ ಮಾಡಿ ತೋರಿಸ್ತೀನಿ ಟೀಚರ್. ನೀವು ಮೊದಲು ಹೇಳ್ಕೊಟ್ಟ ಥರಾನೇ. ಮಳೆಗಾಲದಿಂದ ಹಾಗೇ ಮಾಡ್ತಿದೀವಿ.”

“ನನಗೆ ಯಾಕೆ ಹೇಳಲಿಲ್ಲ?”

“ಒಂದಿನ ಹೇಳಿದ್ವಿ. ನೀವು ಬೇಕಂತಲೇ ತಪ್ಪು ಮಾಡಿದೀರ ಅಂದ್ಕೊಂಡು ಎಲ್ಲರೂ ಕೈ ಎತ್ತಿದ್ವಿ. ನೀವು ಬೋರ್ಡ್ ನೋಡ್ತಾ ತುಂಬ ಹೊತ್ತು ನಿಂತ್ರಿ. ಆಮೇಲೆ ಇದರಲ್ಲಿ ತಪ್ಪೆಲ್ಲಿದೆ ಅಂತ ನಮ್ಮನ್ನೇ ಕೇಳಿದ್ರಿ.” ಅವಳ ದನಿ ಸಣ್ಣಗಾಯಿತು. “ಅಳ್ತಿದ್ರಿ ಟೀಚರ್. ಅದಕ್ಕೇ ಇನ್ನು ಹೇಳೋದು ಬೇಡ ಅಂತ ಮಾತಾಡ್ಕೊಂಡ್ವಿ.”

ಅಂಥದೊಂದು ದಿನ ಟೀಚರ ನೆನಪಿನಲ್ಲಿ ಇರಲೇ ಇಲ್ಲ.

ಅವರು ಮನೆಗೆ ಬಂದಾಗ ಡ್ರೈವರ್ ಬೆಳಗಿನ ಪಾಳಿ ಮುಗಿಸಿ ಬಂದು, ಯೂನಿಫಾರ್ಮಿನ ಷರ್ಟಿಗೆ ಗುಂಡಿ ಹೊಲಿಯುತ್ತಾ ಕಿಟಕಿಯ ಹತ್ತಿರ ಕೂತಿದ್ದ. ಟೀಚರ್ ಚಪ್ಪಲಿಯನ್ನೂ ಬಿಡದೆ ಅವನ ಮುಂದೆ ನಿಂತು, ಮಕ್ಕಳಿಗೆ ಗೊತ್ತಿರುವುದು ನಿಮಗೂ ಗೊತ್ತಾ ಎಂದು ಕೇಳಿದರು. ಯಾವುದು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಸ್ವಲ್ಪವಾದರೂ ಸಮಾಧಾನವಾಗುತ್ತಿತ್ತೇನೋ. ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ.

“ಒಂದಿನ ನೀನು ನನ್ನ ಬಸ್ಸೇ ಹತ್ತಿದೆ. ನಕ್ಕೆ, ಚೆನ್ನಾಗೇ ಮಾತಾಡಿದೆ. ಆಮೇಲೆ ನಾವು ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಮನೆ ಇದೆಯಲ್ಲ, ಆ ಸ್ಟಾಪಲ್ಲಿ ಇಳಿದುಬಿಟ್ಟೆ. ಬಸ್ ಅಲ್ಲೇ ನಿಲ್ಲಿಸಿ ನಿನ್ನ ಹಿಂದೆ ಓಡಿಬಂದೆ. ಜನ ಎಲ್ಲ ಬೈತಿದ್ರು.”

ಆ ದಿನ ಅವನು ಬಂದು ಕೈ ಹಿಡಿದು, ಇಲ್ಲಿ ಒಬ್ಬರನ್ನು ನೋಡಬೇಕಿತ್ತು, ಅವರು ಮನೆಯಲ್ಲಿಲ್ಲ, ನಡೆ ಹೋಗೋಣ ಎಂದಿದ್ದನಂತೆ. ಅವರು ಮರುಮಾತಿಲ್ಲದೆ ಬಸ್ಸಿಗೆ ಮರಳಿದ್ದರಂತೆ. ಅಡುಗೆಗೆ ಎರಡೆರಡು ಸಲ ಉಪ್ಪು ಬಿದ್ದದ್ದನ್ನು ಅವನು ತುಟಿ ಪಿಟಕ್ಕೆನ್ನದೆ ಉಂಡಿದ್ದ.

“ಅವು ಮಕ್ಕಳು, ಅವಕ್ಕೆ ತಿಳಿಯಲ್ಲ. ನಿಮಗೂ ತಿಳಿಯಲಿಲ್ವೇನ್ರೀ?” ಎಂದರು ಟೀಚರ್.

“ಹೇಳಿಬಿಟ್ರೆ ಅದು ನಿಜ ಆಗಿಬಿಡುತ್ತೆ ಅಂತ ಸುಮ್ನಿದ್ದೆ ಕಣೇ.”

ಅವರು ಸಿಟ್ಟಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ತಾವೇ ತೆರೆದು ಬಂದು ಅವನ ಪಕ್ಕ ಕೂತರು. ಕೂತಲ್ಲೇ ಕತ್ತಲಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಳ್ಳೆಯವರು, ನಿಧಾನವಾಗಿ ಹೇಳಿದರು. ಇದು ವಯಸ್ಸಿನ ಮರೆವಲ್ಲ, ಕಾಯಿಲೆ. ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ದಾರಿಯಲ್ಲಿ ಡ್ರೈವರ್ ಹೆಂಡತಿಯ ಕೈಯನ್ನು ಬಿಡಲೇ ಇಲ್ಲ. ಮೂವತ್ತು ವರ್ಷದಲ್ಲಿ ಬೀದಿಯಲ್ಲಿ ಅವನು ಹಾಗೆ ನಡೆದದ್ದೇ ಇಲ್ಲ.

ಹೆಡ್‌ಮಾಸ್ತರು ಹಳೆಯ ಗೆಳೆಯರು. ವರ್ಷ ಮುಗಿಯುವವರೆಗೆ ಹೇಗೋ ಸಂಭಾಳಿಸೋಣ, ಮಕ್ಕಳೂ ಕೈಬಿಡುವುದಿಲ್ಲ ಎಂದು ಒತ್ತಾಯ ಮಾಡಿದರು. ಟೀಚರ್ ಒಪ್ಪಲಿಲ್ಲ. ಏಳನೇ ತರಗತಿಯಲ್ಲಿ ಕ್ರಮ ತಪ್ಪಿದವರಿಗೆ ಮುಂದೆ ಪ್ರತಿ ಹೆಜ್ಜೆಯೂ ತಪ್ಪುತ್ತದೆ, ನನ್ನ ಮಾನ ಉಳಿಸಲು ಅವರನ್ನು ಬಲಿ ಕೊಡಬೇಡಿ ಎಂದರು. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವಾರದಿಂದ ಬೇರೆಯವರು ಬರುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ತರಗತಿಯಲ್ಲಿ ಹೊಸಬಳ ಪಾಡು ನಾಯಿಪಾಡಾಗಿತ್ತು. ಟೀಚರ್ ಹೋಗುತ್ತಿರುವುದು ಅವಳಿಂದಲೇ ಎಂದು ಎಲ್ಲರೂ ಅವಳೊಂದಿಗೆ ಟೂ ಬಿಟ್ಟಿದ್ದರು. ಬೆಂಚಿನಲ್ಲಿ ಪಕ್ಕ ಕೂತವಳೂ ಮುಖ ತಿರುಗಿಸುತ್ತಿದ್ದಳು. ಮಧ್ಯಾಹ್ನ ಅವಳು ನೀರಿನ ತೊಟ್ಟಿಯ ಹಿಂದಿನ ಮೆಟ್ಟಿಲ ಮೇಲೆ ಡಬ್ಬಿ ಮುಚ್ಚಿಟ್ಟುಕೊಂಡು ಕೂತಿರುವುದನ್ನು ಟೀಚರ್ ಕಂಡರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಅವಳ ಪಕ್ಕ ಕೂತರು.

“ನಾನು ಹೇಳಬಾರದಿತ್ತು ಟೀಚರ್. ನನಗೆ ಗೊತ್ತಿರಲಿಲ್ಲ,” ಎಂದು ಹುಡುಗಿ ಬಿಕ್ಕಿದಳು.

“ಅವರೆಲ್ಲ ನನ್ನನ್ನ ಕಾಯಿಲೆಯವಳ ಥರ ನೋಡ್ಕೊಂಡ್ರು. ನೀನೊಬ್ಬಳೇ ಟೀಚರ್ ಥರ ನೋಡಿದ್ದು,” ಎಂದರು ಅವರು. “ಡಬ್ಬಿ ತೆಗಿ. ಏನು ತಂದಿದೀಯ, ನನಗೂ ಒಂದು ತುತ್ತು ಕೊಡು.”

ಕೊನೆಯ ದಿನ ಅವರು ಪಾಠ ಮಾಡಿಯೇ ಹೋಗುತ್ತೇನೆಂದು ಹಟ ಹಿಡಿದರು. ಘಾತಾಂಕ ಸೊನ್ನೆಯಾದರೆ ಉತ್ತರ ಯಾಕೆ ಸೊನ್ನೆಯಲ್ಲ, ಯಾಕೆ ಒಂದು ಎಂಬುದು ಆ ದಿನದ ಪಾಠ. ಒಂದು ಹಳೆಯ ಪತ್ರಿಕೆಯ ಹಾಳೆ ತಂದಿದ್ದರು. ಅದನ್ನು ಒಮ್ಮೆ ಮಡಿಸಿದರು, ಎರಡು ಪದರ. ಮತ್ತೊಮ್ಮೆ, ನಾಲ್ಕು. ಮತ್ತೊಮ್ಮೆ, ಎಂಟು. ಎರಡರ ಘಾತಗಳು ಹೀಗೆ ಏರುತ್ತಾ ಹೋಗುತ್ತವೆ ಎಂದು ದನಿ ಎತ್ತಿ ಹೇಳಿದರು. ಆ ಕ್ಷಣಕ್ಕೆ ಅವರು ಮೊದಲಿನ ಟೀಚರೇ ಆಗಿದ್ದರು. ಆಮೇಲೆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಅದನ್ನು ಏತಕ್ಕೆ ಮಡಿಸಿದ್ದು ಎಂಬುದು ಹೊಳೆಯಲಿಲ್ಲ. ತರಗತಿ ಎಂದಿನಂತೆ ತಲೆ ತಗ್ಗಿಸಲು ಹೊರಟಿತ್ತು.

“ಮರೆತುಹೋಯ್ತು,” ಎಂದರು ಟೀಚರ್. “ಯಾರಿಗೆ ಗೊತ್ತಿದೆ, ಬಂದು ಹೇಳಿ. ನಾನು ಕೂತು ಕೇಳ್ತೀನಿ.”

ಜಿರಾಫೆ ಅರ್ಧ ಎದ್ದವಳು, ಏನನ್ನಿಸಿತೋ, ಹೊಸಬಳ ಕಡೆ ನೋಡಿ ನೀನು ಹೋಗು ಎಂದು ಸನ್ನೆ ಮಾಡಿ ಕೂತಳು. ಹೊಸಬಳು ಮುಂದೆ ಬಂದಳು. ಟೀಚರ್ ಅವಳ ಜಾಗದಲ್ಲಿ, ಮಕ್ಕಳ ಬೆಂಚಿನ ತುದಿಯಲ್ಲಿ ಕೂತರು. ಹುಡುಗಿ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಎಂಟು ನಾಲ್ಕಾಯಿತು, ನಾಲ್ಕು ಎರಡಾಯಿತು. ಕೊನೆಗೆ ಒಂದೂ ಮಡಿಕೆಯಿಲ್ಲದ ಹಾಳೆಯನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಸೊನ್ನೆ ಸಲ ಮಡಿಸಿದರೂ ಕಾಗದ ಇದ್ದೇ ಇರುತ್ತದೆ, ಅದು ಒಂದು ಪದರ, ಅದಕ್ಕೇ ಎರಡರ ಘಾತ ಸೊನ್ನೆ ಒಂದು ಎಂದಳು. ಟೀಚರ್ ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಪಕ್ಕದಲ್ಲಿದ್ದ ಮಗುವಿನ ಕಣ್ಣಿನಿಂದ ನೀರು ಡೆಸ್ಕಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಅದನ್ನು ಅಂಗೈಯಿಂದ ಒರೆಸಿದರು.

ಹೊಸ ಮೇಷ್ಟ್ರು ಬಂದರು. ಚೆನ್ನಾಗಿಯೇ ಪಾಠ ಮಾಡಿದರು. ಡ್ರೈವರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೆಯಲ್ಲಿ ಉಳಿದ. ಮೊದಮೊದಲು ಮಕ್ಕಳು ಗುಂಪುಗುಂಪಾಗಿ ಟೀಚರನ್ನು ನೋಡಲು ಬರುತ್ತಿದ್ದರು, ಬರುಬರುತ್ತಾ ಕಡಿಮೆಯಾಯಿತು. ಮಕ್ಕಳೆಂದ ಮೇಲೆ ಅದು ಸಹಜ. ಹೊಸಬಳು ಮಾತ್ರ ಭಾನುವಾರ ತಪ್ಪಿಸಲಿಲ್ಲ. ತನಗೆ ಬಾರದ ಲೆಕ್ಕವೆಂದು ಸುಳ್ಳು ಹೇಳಿ ಏನಾದರೊಂದನ್ನು ತರುವಳು. ಕೆಲವು ದಿನ ಟೀಚರ್ ಅದನ್ನು ನೀರು ಕುಡಿದಷ್ಟು ಸಲೀಸಾಗಿ ಬಿಡಿಸುವರು. ಕೆಲವು ದಿನ ಪೆನ್ಸಿಲ್ ಹಿಡಿದು ಕಿಟಕಿಯಾಚೆ ನೋಡುತ್ತಾ ಕೂರುವರು. ತಪ್ಪಿದರೆ ಅವಳು ತಪ್ಪು ಎಂದೇ ಹೇಳುತ್ತಿದ್ದಳು. ಹಾಗೆ ಹೇಳುವೆನೆಂದು ಅವರಿಗೆ ಮಾತು ಕೊಟ್ಟಿದ್ದಳು.

ಅವಳು ಎಂಟನೆಯ ತರಗತಿಗೆ ಬಂದ ಮೇಲೆ ಒಂದು ಭಾನುವಾರ ಟೀಚರ್ ಅವಳನ್ನು ಬಾಗಿಲಲ್ಲಿ ಕಂಡು ಅಪರಿಚಿತರಿಗೆ ನಕ್ಕಂತೆ ನಕ್ಕರು. ಒಳಗೆ ಕರೆದು ಕೂರಿಸಿ, ಯಾರ ಮಗಳಮ್ಮ ನೀನು, ಯಾವ ಶಾಲೆ ಎಂದು ವಿಚಾರಿಸಿದರು. ಅವಳು ಡ್ರೈವರನ ಮುಖ ನೋಡಿದಳು. ಅವನು ಗೋಡೆಗೆ ಒರಗಿ ನಿಂತಿದ್ದ. ಅವಳು ಶಾಲೆಯ ಹೆಸರು ಹೇಳಿದಳು.

“ಲೆಕ್ಕ ಯಾರು ತಗೊಳ್ತಾರೆ?”

“ಒಬ್ಬರು ಟೀಚರ್ ಇದ್ರು,” ಎಂದಳು ಹುಡುಗಿ. “ಅವರು ಹೇಳ್ಕೊಟ್ಟಿದ್ದು ಯಾವುದೂ ಮರೆಯಲ್ಲ.”

“ಪುಣ್ಯವಂತೆ ನೀನು,” ಎಂದರು ಟೀಚರ್. “ನನಗೆ ಲೆಕ್ಕ ಅಂದ್ರೆ ತುಂಬ ಇಷ್ಟ. ಆದ್ರೆ ಯಾರೂ ಕಲಿಸಲಿಲ್ಲ ನೋಡು.”

ಅವಳು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಬೇಕಿದ್ದರೆ ನಾನು ಹೇಳಿಕೊಡುತ್ತೇನೆ ಎಂದಳು. ಡ್ರೈವರ್ ಚಹಾಕ್ಕೆ ನೀರಿಡುವ ನೆಪದಲ್ಲಿ ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಬಂತು. ಬಹಳ ಹೊತ್ತಾದರೂ ಅದು ನಿಲ್ಲಲಿಲ್ಲ.